ಚೀಲ ಹೊತ್ತವರಿಗೆ ಗೋದಾಮಿನ ಕುರ್ಚಿ ಯಾಕೆ ಸಿಗಲ್ಲ?

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಬೆಂಗಳೂರಿನ ಹೊರಗಿನ ಒಂದು ಗೋದಾಮಿಗೆ. ಹುದ್ದೆಯ ಹೆಸರು ಗ್ರ್ಯಾಜುಯೇಟ್ ಟ್ರೈನಿ. ಲಾರಿಗೆ ಮಾಲು ತುಂಬೋದು ಹೇಗೆ ಅನ್ನೋದೂ ಗೊತ್ತಿರಲಿಲ್ಲ. ಹೇಳಿಕೊಟ್ಟವರು ಸಿರುಗುಪ್ಪ ಕಡೆಯ ಒಬ್ಬ ಲೋಡರ್. ನನಗಿಂತ ಹತ್ತು ವರ್ಷ ದೊಡ್ಡವರು. "ಕೊನಿಗೆ ಇಳಿಯೋದು ಮೊದಲು ಏರಬೇಕ್ರಿ ಸಾರ್. ಭಾರದ್ದು ಕೆಳಗ, ಹಗುರಿದ್ದದ್ದು ಮ್ಯಾಲ" ಅಂದಿದ್ದರು. ಎರಡೇ ವಾಕ್ಯ. ನಾಲ್ಕು ವರ್ಷದ ಡಿಗ್ರಿಯಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಆರು ತಿಂಗಳಾದ ಮೇಲೆ ನಾನು ಆ ಶಿಫ್ಟಿಗೆ ಇನ್‌ಚಾರ್ಜ್ ಆದೆ. ಅವರು ಲೋಡರ್ ಆಗಿಯೇ ಉಳಿದರು. ಅವರ ಹಾಜರಿಗೆ ಸಹಿ ಹಾಕುವ ಅಧಿಕಾರ ನನಗೆ ಬಂತು. ಅದರಲ್ಲಿ ತಪ್ಪೇನಿದೆ ಅಂತ ಆಗ ಅನ್ನಿಸಲೇ ಇಲ್ಲ. ಡಿಗ್ರಿ ಇದೆ, ಸಿಕ್ಕಿತು ಅಷ್ಟೇ ಅಂದುಕೊಂಡಿದ್ದೆ.

ಈಗ ಲಾಜಿಸ್ಟಿಕ್ಸ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕೇಂದ್ರ ಸರ್ಕಾರ 2017ರಲ್ಲಿ ಈ ಕ್ಷೇತ್ರಕ್ಕೆ ಮೂಲಸೌಕರ್ಯದ ಸ್ಥಾನಮಾನ ಕೊಟ್ಟಿತು. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಬಂತು. "ಗೋದಾಮಿನ ನೆಲದಿಂದ ಶುರುಮಾಡಿ ಮ್ಯಾನೇಜರ್ ಆಗಿ" ಅನ್ನೋ ಪ್ರೇರಣಾ ವಿಡಿಯೊಗಳಿಗೂ ಬರವಿಲ್ಲ. ವಾಲ್‌ಮಾರ್ಟ್‌ನ ಡಗ್ ಮೆಕ್‌ಮಿಲನ್ ಕಥೆ ಅದರಲ್ಲಿ ಬಂದೇ ಬರುತ್ತೆ. 1984ರಲ್ಲಿ ಕಂಪನಿಯ ವಿತರಣಾ ಕೇಂದ್ರದಲ್ಲಿ ಲಾರಿ ಇಳಿಸುತ್ತಿದ್ದ ಹುಡುಗ, 2014ರಲ್ಲಿ ಅದೇ ಕಂಪನಿಯ ಸಿಇಒ. ಕಥೆ ನಿಜವೇ. ಆದರೆ ಎರಡು ವಿಷಯ ಬಿಟ್ಟುಹೋಗುತ್ತವೆ. ಲಾರಿ ಇಳಿಸುವಾಗಲೇ ಆತ ಕಂಪನಿಯ ಸ್ವಂತ ನೌಕರ. ಮುಂದೆ ಆತನ ಕೈಯಲ್ಲಿ ಎಂಬಿಎ ಕೂಡ ಇತ್ತು.

ಬಳ್ಳಾರಿ ಜಿಲ್ಲೆಯಲ್ಲಿ ಇವತ್ತು ಚೀಲ ಇಳಿಸುತ್ತಿರುವ ಹುಡುಗನಿಗೆ ಸಾಮಾನ್ಯವಾಗಿ ಈ ಎರಡೂ ಇಲ್ಲ. ಹಾಗಾದರೆ ಅವನು ಏರಬೇಕಾದ ಏಣಿ ಎಲ್ಲಿ ಮುರಿದಿದೆ? ಅದನ್ನು ರಿಪೇರಿ ಮಾಡೋದು ಹೇಗೆ?

ಗೋದಾಮು ಅಂದ್ರೆ ಬರೀ ಶೆಡ್ ಅಲ್ಲ

ಸಿರುಗುಪ್ಪ ಅಂದರೆ ಭತ್ತ. ತುಂಗಭದ್ರೆಯ ನೀರು ಬಂದ ಮೇಲೆ ಇದು ಭತ್ತದ ಸೀಮೆಯಾಯಿತು, ಅದರ ಬೆನ್ನಿಗೇ ರೈಸ್ ಮಿಲ್ಲುಗಳು ಬಂದವು. ಕುರುಗೋಡು ಕಡೆ ಹೋದರೆ ಮೆಣಸಿನಕಾಯಿ, ಹತ್ತಿ. ಬಳ್ಳಾರಿ ನಗರಕ್ಕೆ ಬಂದರೆ ಎಪಿಎಂಸಿ, ಜೀನ್ಸ್ ಘಟಕಗಳು, ಟ್ರಾನ್ಸ್‌ಪೋರ್ಟ್ ಆಫೀಸುಗಳು. ಎಲ್ಲ ಕಡೆಯೂ ಸರಕು ಒಂದಷ್ಟು ದಿನ ಎಲ್ಲೋ ಒಂದು ಕಡೆ ಕೂರಲೇಬೇಕು. ಆ ಕೂರುವ ಜಾಗವೇ ಗೋದಾಮು.

ಕೂರಿಸೋದು ಸುಲಭ ಅಂದುಕೊಂಡರೆ ತಪ್ಪು. ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶ ಶೇ 17 ದಾಟಬಾರದು. ಹಸಿ ಚೀಲವನ್ನು ನಿಟ್ಟಿನ ನಡುವೆ ಇಟ್ಟರೆ ಒಳಗೆ ಬಿಸಿ ಏರಿ, ಬೂಷ್ಟು ಹಿಡಿದು, ಪಕ್ಕದ ಚೀಲಗಳೂ ಹಾಳಾಗುತ್ತವೆ. ನೆಲದ ಥಂಡಿ ತಾಕದಂತೆ ಕೆಳಗೆ ಮರದ ಹಲಗೆ ಹಾಕಬೇಕು. ಗೋಡೆಗೆ ಒರಗಿಸಬಾರದು. ನಿಟ್ಟುಗಳ ನಡುವೆ ಓಡಾಡಲು, ಗಾಳಿಯಾಡಲು, ಹುಳುವಿಗೆ ಔಷಧ ಹೊಡೆಯಲು ಜಾಗ ಬಿಡಬೇಕು. ಮೊದಲು ಬಂದದ್ದು ಮೊದಲು ಹೊರಗೆ ಹೋಗಬೇಕು. ಒಣಮೆಣಸಿನಕಾಯಿಗೆ ಬಣ್ಣವೇ ಬೆಲೆ. ಬಣ್ಣ ಉಳಿಯಬೇಕಾದರೆ ಕೋಲ್ಡ್ ಸ್ಟೋರೇಜ್ ಬೇಕು.

ಇದೆಲ್ಲ ಯಾರಿಗೆ ಗೊತ್ತು? ಚೀಲವನ್ನು ಬೆನ್ನ ಮೇಲೆ ತೆಗೆದುಕೊಂಡ ತಕ್ಷಣ "ಇದು ಹಸಿ ಐತಿ" ಅನ್ನುವ ಹಮಾಲಿಗೆ ಗೊತ್ತು. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ, ಬಣ್ಣಗೆಟ್ಟ ಕಾಯಿಯನ್ನು ಕಣ್ಣಲ್ಲೇ ಬೇರೆ ಮಾಡುವ ಹೆಂಗಸರಿಗೆ ಗೊತ್ತು. ಆ ಹೆಂಗಸರು ಮಾಡುತ್ತಿರುವುದು ಕ್ವಾಲಿಟಿ ಕಂಟ್ರೋಲ್. ಅದನ್ನು ನಾವು ಕೂಲಿ ಅಂತ ಕರೆಯುತ್ತೇವೆ.

ಈ ಕೆಲಸದ ಮೇಲೆ ರೈತನ ದುಡ್ಡೂ ನಿಂತಿದೆ. 2007ರ ಉಗ್ರಾಣ ಕಾಯ್ದೆಯಡಿ ನೋಂದಾಯಿತ ಗೋದಾಮಿನಲ್ಲಿ ಮಾಲು ಇಟ್ಟರೆ ಒಂದು ರಶೀದಿ ಸಿಗುತ್ತೆ. 2017ರಿಂದ ಅದು ಎಲೆಕ್ಟ್ರಾನಿಕ್ ರೂಪದಲ್ಲೂ ಇದೆ. ಆ ರಶೀದಿಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತೆಗೆದುಕೊಂಡರೆ, ಬೆಲೆ ಬಿದ್ದ ದಿನವೇ ಮಾರಬೇಕಾದ ಗತಿ ರೈತನಿಗೆ ಇರಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬೆಲೆ ಕುಸಿದು, ಸಿಟ್ಟಿಗೆದ್ದವರು ವಾಹನಗಳಿಗೆ ಬೆಂಕಿ ಹಚ್ಚಿದ್ದು ನೆನಪಿರಬಹುದು. ಬಳ್ಳಾರಿ ಜಿಲ್ಲೆಯ ಮೆಣಸಿನಕಾಯಿ ಹೋಗುವುದೂ ಅಲ್ಲಿಗೇ. ಮಾಲನ್ನು ಕೆಡದಂತೆ ಕಾಯುವ ಜಾಗ, ಅದನ್ನು ನಂಬಿಕೆಯಿಂದ ನಡೆಸುವ ಮನುಷ್ಯ, ಇವೆರಡೂ ರೈತ ರಾಜಕಾರಣದ ಪ್ರಶ್ನೆಗಳೇ.

ಏಣಿ ಮುರಿದಿರುವುದು ಒಂದೇ ಜಾಗದಲ್ಲಿ

ಗೋದಾಮಿನ ಹುದ್ದೆಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿದರೆ ಹೀಗಿರುತ್ತೆ: ಲೋಡರ್, ಪಿಕ್ಕರ್ ಅಥವಾ ಪ್ಯಾಕರ್, ಫೋರ್ಕ್‌ಲಿಫ್ಟ್ ಚಾಲಕ, ಸ್ಟಾಕ್ ಗುಮಾಸ್ತ, ಸೂಪರ್‌ವೈಸರ್, ಅಸಿಸ್ಟೆಂಟ್ ಮ್ಯಾನೇಜರ್, ಮ್ಯಾನೇಜರ್. ಕಾಗದದ ಮೇಲೆ ನೋಡಿದರೆ ಒಂದೊಂದೇ ಮೆಟ್ಟಿಲು.

ವಾಸ್ತವದಲ್ಲಿ ಇವು ಎರಡು ಬೇರೆ ಬೇರೆ ಏಣಿಗಳು. ಹೊರುವವರದ್ದು ಒಂದು, ಬರೆಯುವವರದ್ದು ಇನ್ನೊಂದು. ಹೊರುವವರನ್ನು ಕರೆತರುವುದು ಮೇಸ್ತ್ರಿ ಅಥವಾ ಗುತ್ತಿಗೆದಾರ. ಕೂಲಿ ಚೀಲಕ್ಕಿಷ್ಟು ಅಂತ. ಹೆಸರು ಯಾವ ರಿಜಿಸ್ಟರಿನಲ್ಲೂ ಸರಿಯಾಗಿ ಇರಲ್ಲ. ಹತ್ತು ವರ್ಷ ದುಡಿದರೂ "ನಾನು ಇಲ್ಲಿ ಹತ್ತು ವರ್ಷ ಇದ್ದೆ" ಅನ್ನೋಕೆ ಒಂದು ಚೀಟಿ ಇಲ್ಲ. ಬರೆಯುವವರು ಡಿಗ್ರಿ ಹಿಡಿದು ಮುಂಬಾಗಿಲಿನಿಂದ ಬರುತ್ತಾರೆ, ನನ್ನ ಹಾಗೆ. ಲೋಡರ್‌ನಿಂದ ಗುಮಾಸ್ತ ಆಗುವ ಆ ಒಂದು ಮೆಟ್ಟಿಲು ಇಲ್ಲವೇ ಇಲ್ಲ.

ಒಂದೇ ಚೀಲಕ್ಕೆ ಮೂರು ಬೆಲೆ ಇರಬಹುದು ಅನ್ನೋದಕ್ಕೆ ಭಾರತೀಯ ಆಹಾರ ನಿಗಮವೇ ಸಾಕ್ಷಿ. ಶಾಂತಕುಮಾರ್ ಸಮಿತಿ 2015ರ ಜನವರಿಯಲ್ಲಿ ಕೊಟ್ಟ ವರದಿ ಪ್ರಕಾರ, ನಿಗಮದ ಸ್ವಂತ ಹಮಾಲಿಯೊಬ್ಬರಿಗೆ ತಿಂಗಳಿಗೆ ಸುಮಾರು 79,500 ರೂಪಾಯಿ ಖರ್ಚಾಗುತ್ತಿತ್ತು. ನೇರ ಪಾವತಿ ವ್ಯವಸ್ಥೆಯಲ್ಲಿ ಇದ್ದವರಿಗೆ ಸುಮಾರು 26,000. ಗುತ್ತಿಗೆಯವರಿಗೆ ಸುಮಾರು 10,000. ಚೀಲ ಅದೇ, ಬೆನ್ನು ಅಂಥದ್ದೇ. ಆಗ ಸುದ್ದಿಯಾಗಿದ್ದು ಲಕ್ಷಗಟ್ಟಲೆ ಪಡೆಯುವ ಕೆಲವೇ ಹಮಾಲಿಗಳ ವಿಷಯ. ಹತ್ತು ಸಾವಿರದವರ ಬಗ್ಗೆ ಯಾರೂ ಚರ್ಚೆ ಮಾಡಲಿಲ್ಲ. ಸಮಿತಿ ಸೂಚಿಸಿದ ಪರಿಹಾರದಲ್ಲಿ ನಿಗಮದ ಸ್ವಂತ ಹಮಾಲಿಗಳ ಮೇಲಿನ ಅವಲಂಬನೆ ತಗ್ಗಿಸುವುದರ ಜೊತೆಗೆ, ಗುತ್ತಿಗೆಯವರಿಗೆ ಉತ್ತಮ ಸೌಲಭ್ಯ ಕೊಡಬೇಕು ಅನ್ನೋ ಮಾತೂ ಇತ್ತು.

ಇನ್ನು ಬೆನ್ನಿನ ಲೆಕ್ಕ. ಒಬ್ಬ ವಯಸ್ಕ ಗಂಡಸು ಹೊರುವ ಭಾರ 55 ಕೆಜಿಗಿಂತ ಹೆಚ್ಚಿರುವ ಕಡೆ ಅದನ್ನು ಬೇಗ ಆ ಮಟ್ಟಕ್ಕೆ ಇಳಿಸಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮ ಕಡೆ ಭತ್ತದ ವ್ಯಾಪಾರ ಇವತ್ತಿಗೂ ನಡೆಯೋದು 75 ಕೆಜಿ ಚೀಲದ ಲೆಕ್ಕದಲ್ಲಿ. ಅಂದ್ರೆ ಈ ವೃತ್ತಿಗೆ ಒಂದು ಗಡಿಯಾರವಿದೆ. ಬೆನ್ನು ಕೈಕೊಡುವ ಮುಂಚೆ ಮೇಲಿನ ಮೆಟ್ಟಿಲು ಸಿಗದಿದ್ದರೆ, ಆಮೇಲೆ ಇರೋದು ಕಾವಲುಗಾರನ ಕೆಲಸ, ಇಲ್ಲಾ ಮನೆ.

ನದಿ ಮುನಿಸಿಕೊಂಡರೂ ಹಾಗೇ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನಾವೆಲ್ಲ ರೈತರ ಬೆಳೆಯ ಬಗ್ಗೆ ಬರೆದೆವು, ಬರೆಯಬೇಕಾದ್ದೇ. ಆದರೆ ಚೀಲಕ್ಕಿಷ್ಟು ಅಂತ ದುಡಿಯುವವರ ಸಂಬಳವೂ ಅದೇ ನೀರಿಗೆ ನೇತುಬಿದ್ದಿದೆ ಅನ್ನೋದನ್ನು ಬರೆಯಲಿಲ್ಲ.

ಒಬ್ಬ ಹುಡುಗ, ಹುಡುಗಿ ಮಾಡಬಹುದಾದದ್ದು

ವ್ಯವಸ್ಥೆ ಬದಲಾಗುವವರೆಗೆ ಕಾಯಿರಿ ಅಂತ ಇಪ್ಪತ್ತು ವರ್ಷದವರಿಗೆ ಹೇಳುವುದು ಅನ್ಯಾಯ. ಈಗಲೇ ಮಾಡಬಹುದಾದ್ದು ಇದೆ.

ಮೊದಲನೆಯದು, ಕಾಗದದ ಹತ್ತಿರ ಹೋಗಿ. ಗೇಟ್ ಎಂಟ್ರಿ, ವೇ ಬ್ರಿಜ್ ಚೀಟಿ, ನಿಟ್ಟಿಗೆ ತೂಗುಹಾಕುವ ಸ್ಟಾಕ್ ಕಾರ್ಡ್, ಡೆಲಿವರಿ ಚಲನ್, ಇ-ವೇ ಬಿಲ್. ಇವುಗಳನ್ನು ಓದಲು ಕಲಿಯಿರಿ. ಬಿಡುವಿದ್ದಾಗ ಗುಮಾಸ್ತರ ಪಕ್ಕ ನಿಂತು ಎಣಿಕೆಗೆ ಕೈಜೋಡಿಸಿ. ಪುಸ್ತಕದಲ್ಲಿರುವ ಸ್ಟಾಕಿಗೂ ನೆಲದಲ್ಲಿರುವ ಸ್ಟಾಕಿಗೂ ವ್ಯತ್ಯಾಸ ಯಾಕೆ ಬಂತು ಅಂತ ಕಂಡುಹಿಡಿಯೋದೇ ಗೋದಾಮಿನ ಅಸಲಿ ವಿದ್ಯೆ. ಅದನ್ನು ಬಲ್ಲವರನ್ನು ಮಾಲೀಕ ಸುಲಭಕ್ಕೆ ಬಿಡಲ್ಲ.

ಎರಡನೆಯದು, ಎಕ್ಸೆಲ್. ದೊಡ್ಡ ಕೋರ್ಸ್ ಬೇಡ. ಒಳಗೆ ಬಂದದ್ದು, ಹೊರಗೆ ಹೋದದ್ದು, ಉಳಿದದ್ದು, ಎಷ್ಟು ದಿನ ಹಳೆಯದು. ಈ ನಾಲ್ಕನ್ನು ಮೊಬೈಲಿನಲ್ಲೇ ಮಾಡಲು ಬಂದರೂ ಸಾಕು. ದೊಡ್ಡ ಕಂಪನಿಗಳ ಗೋದಾಮು ಸಾಫ್ಟ್‌ವೇರ್ ಮಾಡುವುದೂ ಹೆಚ್ಚೂಕಮ್ಮಿ ಇದನ್ನೇ, ಸ್ಕ್ಯಾನರ್ ಹಿಡಿದು.

ಮೂರನೆಯದು, ಅನುಭವಕ್ಕೆ ಪ್ರಮಾಣಪತ್ರ. ಕೆಲಸ ಮಾಡುತ್ತಲೇ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿತ್ತು. ಪಿಕ್ಕರ್, ಇನ್ವೆಂಟರಿ ಕ್ಲರ್ಕ್, ಸೂಪರ್‌ವೈಸರ್ ಹುದ್ದೆಗಳಿಗೆ ಲಾಜಿಸ್ಟಿಕ್ಸ್ ಕೌಶಲ ಮಂಡಳಿ ಮಾನದಂಡ ರೂಪಿಸಿದೆ. ಜೊತೆಗೆ ಒಂದು ಡಿಗ್ರಿಯೂ ಬೇಕಾಗುತ್ತೆ, ಬೇಜಾರಾದರೂ ಹೇಳಲೇಬೇಕು. ಆಹಾರ ನಿಗಮದ ಡಿಪೊ ಸಹಾಯಕ ಹುದ್ದೆಗೇ ಪದವಿ ಕೇಳುತ್ತಾರೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಬಿ.ಕಾಂ. ಅನ್ನು ಕೆಲಸ ಬಿಡದೆಯೇ ಓದಬಹುದು.

ನಾಲ್ಕನೆಯದು, ದಾಖಲೆ. ನೇಮಕಾತಿ ಪತ್ರ ಕೇಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಅದನ್ನು ಕಡ್ಡಾಯ ಮಾಡಿವೆ. ಪಿಎಫ್‌ನ ಯುಎಎನ್ ಸಂಖ್ಯೆ ಇಟ್ಟುಕೊಳ್ಳಿ. ಗುತ್ತಿಗೆದಾರ ಬದಲಾದರೂ ನಿಮ್ಮ ವರ್ಷಗಳಿಗೆ ಅದೇ ಸಾಕ್ಷಿ.

ಬುದ್ಧಿವಾದವಷ್ಟೇ ಸಾಲದು

ಇಷ್ಟು ಮಾಡಿದರೆ ಎಲ್ಲರೂ ಮ್ಯಾನೇಜರ್ ಆಗ್ತಾರಾ? ಇಲ್ಲ. ನೂರು ಲೋಡರ್‌ಗಳಿರುವ ಕಡೆ ಮ್ಯಾನೇಜರ್ ಒಬ್ಬರೇ. ಹಾಗಾಗಿ "ಕಷ್ಟಪಟ್ಟರೆ ಮೇಲೆ ಬರ್ತೀಯಾ" ಅನ್ನೋ ಮಾತು ಒಬ್ಬನ ಮಟ್ಟಿಗೆ ನಿಜ ಆಗಬಹುದು, ಉಳಿದ ತೊಂಬತ್ತೊಂಬತ್ತು ಜನರಿಗೆ ಅದು ಉತ್ತರವೇ ಅಲ್ಲ.

ಆಧುನಿಕ ಗೋದಾಮು ಬಂದರೆ ಎಲ್ಲ ಸರಿಹೋಗುತ್ತೆ ಅನ್ನೋದೂ ಭ್ರಮೆ. 2024ರಲ್ಲಿ ಹರಿಯಾಣದ ಮಾನೇಸರ್‌ನ ಅಮೆಜಾನ್ ಗೋದಾಮಿನಲ್ಲಿ, ಟಾರ್ಗೆಟ್ ಮುಗಿಯುವವರೆಗೆ ನೀರಿಗೂ ಶೌಚಕ್ಕೂ ಹೋಗಲ್ಲ ಅಂತ ಕಾರ್ಮಿಕರಿಂದ ಪ್ರತಿಜ್ಞೆ ಮಾಡಿಸಿದ ವರದಿ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ವಯಂಪ್ರೇರಿತವಾಗಿ ಕೇಂದ್ರ ಕಾರ್ಮಿಕ ಇಲಾಖೆಗೆ ನೋಟಿಸ್ ಕೊಟ್ಟಿತು. ಕೈಗೆ ಸ್ಕ್ಯಾನರ್ ಬಂದ ಮಾತ್ರಕ್ಕೆ ಮರ್ಯಾದೆ ಬರಲ್ಲ.

ಹೊಸ ಸಂಹಿತೆಗಳಲ್ಲೂ ಒಂದು ಕಿಂಡಿ ಇದೆ. ಗುತ್ತಿಗೆ ಕಾರ್ಮಿಕರ ನಿಯಮಗಳು ಮೊದಲು 20 ಜನರಿದ್ದರೆ ಅನ್ವಯಿಸುತ್ತಿದ್ದವು, ಈಗ 50 ಜನ ಇರಬೇಕು. ಮೇಸ್ತ್ರಿಯೊಬ್ಬ ಮಿಲ್ಲಿಗೆ ಕರೆತರುವ ಗುಂಪಿನಲ್ಲಿ 50 ಜನ ಎಲ್ಲಿರುತ್ತಾರೆ? ಇತ್ತ ನಾವು ಹೆಮ್ಮೆಯಿಂದ ಹೇಳುವ 371(ಜೆ) ವಿಧಿ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಹುದ್ದೆ ಮತ್ತು ಶಿಕ್ಷಣದಲ್ಲಿ ಮೀಸಲಾತಿ ಕೊಡುತ್ತೆ. ಖಾಸಗಿ ಮಿಲ್ಲಿನ ಗೋದಾಮಿನ ಬಾಗಿಲವರೆಗೆ ಅದು ಬರಲ್ಲ.

ಹಾಗಾದರೆ ಏನು ಕೇಳಬೇಕು? ಪಕ್ಕದ ಮಹಾರಾಷ್ಟ್ರದಲ್ಲಿ 1969ರಿಂದ ಮಾಥಾಡಿ ಹಮಾಲರ ಕಾಯ್ದೆ ಇದೆ. ಕಾರ್ಮಿಕರು, ಮಾಲೀಕರು, ಸರ್ಕಾರ ಮೂವರೂ ಇರುವ ಮಂಡಳಿಯಲ್ಲಿ ಹಮಾಲರ ನೋಂದಣಿ ಆಗುತ್ತೆ. ಮಾಲೀಕ ಕೂಲಿಯ ಜೊತೆಗೆ ಲೆವಿಯನ್ನೂ ಕಟ್ಟಬೇಕು. ಅದರಿಂದ ಪಿಎಫ್, ಗ್ರಾಚ್ಯುಟಿ, ರಜೆ ಸಿಗುತ್ತೆ. ಅಲ್ಲಿಯೂ ಎಲ್ಲ ಸರಿಯಿದೆ ಅಂತಲ್ಲ. ಆದರೆ ಹಮಾಲಿಯ ಹೆಸರು ಒಂದು ಪುಸ್ತಕದಲ್ಲಿ ಇರುತ್ತೆ. ನಮ್ಮಲ್ಲಿ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲಿಗಳಿಗೆ ಗುರುತಿನ ಚೀಟಿ ಕೊಡುತ್ತಾರೆ. ಅದು ಒಳ್ಳೆಯ ಶುರುವಾತು. ಆದರೆ ಅದು ನೆರವಿನ ಚೀಟಿ, ಬಡ್ತಿಯ ಏಣಿ ಅಲ್ಲ.

ಏಣಿ ಬೇಕಾದರೆ ಮೂರು ಬೇಡಿಕೆ ಸಾಕು. ಚೀಲ 50 ಕೆಜಿ ದಾಟಬಾರದು. ಗೋದಾಮಿನ ಅನುಭವವನ್ನು ವರ್ಷಗಳ ಲೆಕ್ಕದಲ್ಲಿ ದಾಖಲಿಸುವ ಪುಸ್ತಕ ಪ್ರತಿ ಹಮಾಲಿಗೂ, ತೊಟ್ಟು ಬಿಡಿಸುವ ಪ್ರತಿ ಹೆಂಗಸಿಗೂ ಇರಬೇಕು. ಕರ್ನಾಟಕ ರಾಜ್ಯ ಉಗ್ರಾಣ ನಿಗಮ, ಎಪಿಎಂಸಿಯಂಥ ಸಾರ್ವಜನಿಕ ಜಾಗಗಳಲ್ಲಿ ಗುಮಾಸ್ತ, ಸೂಪರ್‌ವೈಸರ್ ಹುದ್ದೆಗಳ ಒಂದು ಪಾಲು ಆ ಪುಸ್ತಕ ಇರುವವರಿಗೆ ಮೀಸಲಾಗಬೇಕು. ಸರ್ಕಾರಿ ಜಾಗದಲ್ಲಿ ಶುರುವಾದರೆ ಖಾಸಗಿಯವರನ್ನೂ ಕೇಳಬಹುದು.

ನನಗೆ ಲಾರಿ ತುಂಬಲು ಕಲಿಸಿದವರು ಈಗ ಊರಿಗೆ ವಾಪಸಾಗಿದ್ದಾರೆ. ಹೋದ ಸಲ ಸಿಕ್ಕಾಗಲೂ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡಿದ್ದರು. ಮಗ ಪಿಯುಸಿ ಮುಗಿಸಿದ್ದಾನೆ. "ಲಾಜಿಸ್ಟಿಕ್ಸ್ ಅಂತ ಏನೋ ಕೋರ್ಸ್ ಐತಂತಲ್ಲ ಸಾರ್, ಸೇರಿಸ್ಲೇನ್ರಿ? ಕಡಿಗೆ ಮತ್ತ ಚೀಲಾನ ಹೊರಿಸ್ತಾರೇನು?" ಅಂತ ಕೇಳಿದರು.

ಸೇರಿಸಿ ಅಂದೆ. ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ಮುಂದಿನ ಸಲ ಓಟು ಕೇಳಲು ಬರುತ್ತಾರೆ. ಆಗ ಕೇಳೋಣ.