ಓರಣ್ ಕಾಡುಗಳೂ ಸೂರ್ಯಶಕ್ತಿಯೂ

ಕನ್ನಡದಲ್ಲಿ ‘ಓರಣ’ವೆಂದರೆ ಅಚ್ಚುಕಟ್ಟು, ಕ್ರಮ. ಇದನ್ನೇ ಹೋಲುವ ‘ಓರಣ್’ ಎಂಬ ಶಬ್ದಕ್ಕೆ ರಾಜಸ್ಥಾನದ ಮರುಭೂಮಿಯಲ್ಲಿ ಅರ್ಥವೇ ಬೇರೆ. ಸಂಸ್ಕೃತದ ‘ಅರಣ್ಯ’ದಿಂದ ಬಂದುದೆಂದು ಹೇಳಲಾಗುವ ಆ ಪದವು, ಗ್ರಾಮದೇವತೆಗೋ ಜನರು ಪೂಜಿಸುವ ವೀರನಿಗೋ ಮೀಸಲಾಗಿ ಬಿಟ್ಟ ಕಾಡನ್ನೂ ಹುಲ್ಲುಗಾವಲನ್ನೂ ಸೂಚಿಸುತ್ತದೆ. ನಮ್ಮ ಕೊಡಗಿನ ದೇವರಕಾಡುಗಳೊಡನೆ ಇವನ್ನು ಹೋಲಿಸಬಹುದು.

ಓರಣಿನ ಮರಕ್ಕೆ ಕೊಡಲಿ ತಾಗಬಾರದೆಂಬುದು ಹಿರಿಯರ ಕಟ್ಟಳೆ. ಅಲ್ಲಿಯ ಮುಖ್ಯ ವೃಕ್ಷವಾದ ಖೇಜ್ರಿಯು ಸಂಸ್ಕೃತದ ಶಮೀ, ನಮ್ಮ ಬನ್ನಿ. ದನ, ಕುರಿ, ಒಂಟೆಗಳು ಅಲ್ಲಿ ಮೇಯಬಹುದು; ಅಲ್ಲಿಯ ಕೆರೆಕುಂಟೆಗಳಲ್ಲಿ ನೀರು ಕುಡಿಯಬಹುದು. ಮಳೆ ಅಪರೂಪವಾದ ಆ ನಾಡಿನಲ್ಲಿ ದೇವಿಯ ಮೇಲಿನ ಭಕ್ತಿಯೇ ಪಶುಪಾಲಕರ ಬದುಕಿಗೆ ಬೇಲಿಯಾಗಿ ನಿಂತಿದೆ.

ಆ ನಾಡಿನ ಮತ್ತೊಂದು ಸಂಪತ್ತು ಬಿಸಿಲು. ಅಲ್ಲಿಯ ಭಡ್ಲಾ ಸೌರ ಉದ್ಯಾನದ ಸಾಮರ್ಥ್ಯ 2,245 ಮೆಗಾವ್ಯಾಟ್. ಕಲ್ಲಿದ್ದಲಿನ ಹೊಗೆಯಿಂದ ಲೋಕವು ಪಾರಾಗಬೇಕಾದರೆ ಇಂತಹ ಸ್ಥಾವರಗಳು ಬೇಕೇ ಬೇಕು. ಆದರೆ ಜೈಸಲ್ಮೇರ್ ಜಿಲ್ಲೆಯ ದೇಗರಾಯ್ ದೇವಿಯ ಓರಣಿನ ನೆಲದಲ್ಲಿ ವಿದ್ಯುತ್ ತಂತಿಗಳು ಹಾದುಹೋದಾಗ ಸುತ್ತಣ ಜನರು ಪಾದಯಾತ್ರೆ ನಡೆಸಿ ಪ್ರತಿಭಟಿಸಿದರು. ಅವರ ಆಕ್ಷೇಪವು ಸೂರ್ಯಶಕ್ತಿಯ ಮೇಲಲ್ಲ, ಅದಕ್ಕೆ ಆಯ್ದುಕೊಂಡ ನೆಲದ ಮೇಲೆ.

ಈ ತೊಡಕಿನ ಮೂಲವು ಒಂದು ಶಬ್ದದಲ್ಲಿದೆ. ಊರವರು ‘ತಾಯಿಯ ಕಾಡು’ ಎಂದು ಕೈಮುಗಿಯುವ ಎಷ್ಟೋ ನೆಲವು ಕಂದಾಯ ದಾಖಲೆಯಲ್ಲಿ ‘ಬಂಜರು’ ಎಂದಿದೆ. ನಮ್ಮಲ್ಲಿಯೂ ‘ಖರಾಬು’ ಎಂಬ ಒಂದೇ ಮಾತು ಬಂಡೆ, ಹಳ್ಳ, ಸ್ಮಶಾನಗಳನ್ನೆಲ್ಲ ಒಳಗೊಳ್ಳುವುದಷ್ಟೆ! ಬಂಜರೆಂದು ಬರೆದ ನೆಲವನ್ನು ಸರ್ಕಾರವು ಹಂಚಿಕೊಡುವುದು ಸುಲಭ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನಕ್ಕಾಗಿ ಸುಮಾರು 13,000 ಎಕರೆ ನೆಲವನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ರೈತರ ಒಡೆತನವು ಉಳಿಯಿತು, ಅವರಿಗೆ ವರ್ಷವರ್ಷವೂ ಗುತ್ತಿಗೆಯ ಹಣವೂ ದೊರೆಯುವಂತಾಯಿತು. ಮೆಚ್ಚತಕ್ಕ ಕ್ರಮವೇ ಸರಿ. ಆದರೆ ದೇವಿಯ ಹೆಸರಿನಲ್ಲಿ ಇಡೀ ಊರು ಬಳಸುವ ಓರಣಿಗೆ ಗುತ್ತಿಗೆಪತ್ರ ಬರೆದುಕೊಡುವವರಾರು? ಮೇವನ್ನು ಕಳೆದುಕೊಂಡ ಕುರಿಗಾಹಿಗೆ ಹಣ ಕೊಡುವವರಾರು?

ಆದುದರಿಂದ ಮೊದಲು ಆಗಬೇಕಾದುದು ಅಳತೆ ಮತ್ತು ನಾಮಕರಣ. 2024ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನದ ಪವಿತ್ರ ವನಗಳನ್ನು ನೆಲದ ಮೇಲೂ ಉಪಗ್ರಹದ ಮೂಲಕವೂ ಗುರುತಿಸಿ, ನಕ್ಷೆ ಸಿದ್ಧಪಡಿಸಿ, ಅರಣ್ಯವೆಂದು ವರ್ಗೀಕರಿಸಬೇಕೆಂದು ನಿರ್ದೇಶಿಸಿತು. ಗಾತ್ರವೆಷ್ಟೆಂಬುದಲ್ಲ, ಜನರ ಪಾಲಿಗೆ ಅದಕ್ಕಿರುವ ಮಹತ್ತ್ವವೇ ಮುಖ್ಯವೆಂದೂ ಹೇಳಿತು.

ಯಾವುದು ದೇವರಕಾಡು, ಯಾವುದು ನಿಜವಾದ ಬಂಜರು ಎಂಬುದನ್ನು ಊರವರನ್ನು ಕೇಳಿ ಮೊದಲು ನಿರ್ಣಯಿಸಿ, ಆಮೇಲೆ ಸೌರಫಲಕಗಳನ್ನು ಹೂಡುವುದು ಯುಕ್ತ. ವಿದ್ಯಾರ್ಥಿಗಳೇ, ಕನ್ನಡದ ‘ಓರಣ’ವೆಂದರೆ ಇಂತಹ ಕ್ರಮವೇ. ಅದನ್ನು ಪಾಲಿಸಿದರೆ ಮರುಭೂಮಿಯ ‘ಓರಣ್’ ಉಳಿಯುವುದು. ಮನೆಯ ದೀಪವೂ ಬೆಳಗುವುದು.