ಉಪ್ಪಾಗೆ ನೀರು ಮತ್ತು ಇಳಿಯದ ಹೊಟ್ಟೆ

ತೆಂಗಿನಗುಂಡಿ ಬಂದರಿನಲ್ಲಿ ಮೀನಿಗೆಂದು ನಿಂತಿದ್ದಾಗ ಪರಿಚಯದವರೊಬ್ಬರು ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದರು: "ಬೆಳಿಗ್ಗೆ ಖಾಲಿ ಹೊಟ್ಟೆಗೆ ಉಪ್ಪಾಗೆ ಹಣ್ಣಿನ ಸಿಪ್ಪೆ ನೆನೆಸಿದ ನೀರು ಕುಡೀರಿ ಮಾರಾಯ್ರೇ, ತಿಂಗಳಲ್ಲಿ ಬೊಜ್ಜು ಕರಗ್ತದೆ." ಅವರದು ಕರಗಿದ ಲಕ್ಷಣ ಕಾಣಲಿಲ್ಲ. ಕೈಚೀಲದಲ್ಲಿ ಹುರಿಯಲಿಕ್ಕೆಂದು ಎರಡು ಕಿಲೋ ಬಂಗಡೆ ಬೇರೆ.

ಈ ಗುಟ್ಟು ಅಜ್ಜಿಯದಲ್ಲ, ಅಮೆರಿಕದ್ದು. ಉಪ್ಪಾಗೆಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗೊತ್ತಾಯಿತು. ಸಕ್ಕರೆಯನ್ನು ಕೊಬ್ಬಾಗಿಸುವ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಅದನ್ನು ಕೊಟ್ಟಾಗ ಇಲಿಗಳು ಮೇವು ಕಡಿಮೆ ತಿಂದವು. ಅಷ್ಟಕ್ಕೇ ಮಾತ್ರೆಯ ಡಬ್ಬಿ ತಯಾರು! ಆದರೆ ನಮ್ಮ ಮೈಯಲ್ಲಿ ಸಕ್ಕರೆಯಿಂದ ಹುಟ್ಟುವ ಕೊಬ್ಬು ಅಲ್ಪ. ಬಂಗಡೆ ಹುರಿದ ಎಣ್ಣೆಗೆ ಆ ಕಿಣ್ವದ ಹಂಗೇ ಇಲ್ಲ, ಅದು ನೇರ ಹೋಗಿ ಕೂರುತ್ತದೆ. 1998ರಲ್ಲಿ ನ್ಯೂಯಾರ್ಕಿನ ವೈದ್ಯರು 135 ಜನರನ್ನು 12 ವಾರ ಪಥ್ಯದಲ್ಲಿಟ್ಟು ನೋಡಿದರು. ಉಪ್ಪಾಗೆ ಸತ್ವ ನುಂಗಿದವರು ಸರಾಸರಿ 3.2 ಕಿಲೋ ಇಳಿದರು. ಏನೂ ಇಲ್ಲದ ಹುಸಿಮಾತ್ರೆ ನುಂಗಿದವರು 4.1 ಕಿಲೋ! ಇಳಿಸಿದ್ದು ಪಥ್ಯ. ಟಿವಿಯಲ್ಲಿ ಉಪ್ಪಾಗೆ ಸತ್ವವನ್ನು ಹೊಗಳಿದ್ದ ಡಾ. ಮೆಹ್ಮೆತ್ ಓಜ್ 2014ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಉತ್ತರ ಹೇಳಬೇಕಾಯಿತು. ಅಲ್ಲಿ ಬಯಲಾದದ್ದು ಇಲ್ಲಿ ಈಗಲೂ ಗುಟ್ಟು.

ಇಷ್ಟಕ್ಕೂ ಕೇರಳದವರು ಮೀನು ಸಾರಿಗೆ ಇದೇ ಹುಳಿ ಹಾಕುತ್ತಾರೆ, ಕೊಡವರು ಇದರ ಕಾಚಂಪುಳಿಯನ್ನು ಹಂದಿ ಮಾಂಸಕ್ಕೆ ಸುರಿಯುತ್ತಾರೆ. ಎರಡೂ ಕಡೆ ದಪ್ಪಗಿನವರಿಗೇನೂ ಬರವಿಲ್ಲ.

ಇನ್ನು, ಎರಡನ್ನೂ ಒಂದೇ ಎಂದುಕೊಳ್ಳಬೇಡಿ, ಉಪ್ಪಾಗೆಯೂ ಮುರುಗಲೂ ಒಂದೇ ಅಲ್ಲ: ಮುರುಗಲು ಕೆಂಪು, ನುಣುಪು, ಉಪ್ಪಾಗೆ ಹಳದಿ, ಕುಂಬಳದ ಹಾಗೆ ಗೆರೆಗೆರೆ. ಉಪ್ಪಾಗೆ ಬೀಜದಿಂದ ತೆಗೆಯುವ ತುಪ್ಪವೂ ಮರದ್ದೆಂಬ ಕಾರಣಕ್ಕೆ ಜಿಡ್ಡಿಲ್ಲದ್ದಾಗುವುದಿಲ್ಲ. 'ಗಿಡದ್ದಲ್ವಾ, ಏನಾಗ್ತದೆ' ಎನ್ನುವವರಿಗೆ: ಈ ಸತ್ವದ ಮಾತ್ರೆ ನುಂಗಿ ಯಕೃತ್ತು ಕೆಡಿಸಿಕೊಂಡವರ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ.

ನಮ್ಮವರ ನಂಬಿಕೆಯೇ ವಿಚಿತ್ರ. ಹಿತ್ತಿಲಿನಾಚೆಯ ಮರಕ್ಕೆ ಬೆಲೆ ಬರಬೇಕಾದರೆ ಅದು ಹಡಗು ಹತ್ತಿ, ಡಬ್ಬಿಯಾಗಿ ವಾಪಸು ಬರಬೇಕು. 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಯ ರೇಟು ಏರಿದ್ದೇ ತಡ, ಘಟ್ಟದಲ್ಲಿ ಕಾಯಿಗಾಗಿ ಕೊಂಬೆಯನ್ನೇ ಕಡಿದರು. ಮಳೆಗಾಲದ ಫಸಲು, ಬಿಸಿಲಿಲ್ಲ. ಸಿಪ್ಪೆ ಒಣಗಿಸಲು ಹೊರೆಗಟ್ಟಲೆ ಕಾಡಿನ ಸೌದೆ. ಹಣ್ಣಾಗಲಿ ಎಂದು ಕಾದ ಸಿಂಗಳೀಕಕ್ಕೆ ಸಿಕ್ಕಿದ್ದು ಬೋಳು ಮರ.