ಹಳೆಯ ಕತೆಗೆ ಹೊಸ ತಲೆ

ನೀತಿಕತೆಗಳನ್ನು ನಾವೀಗ ಮಕ್ಕಳ ಪಾಲಿಗೆ ಬಿಟ್ಟುಕೊಟ್ಟಿದ್ದೇವೆ. ಹಿಂದೆ ಹಾಗಿರಲಿಲ್ಲ. ಸುಮಾರು 1031ರಲ್ಲಿ ಕನ್ನಡಕ್ಕೆ ಪಂಚತಂತ್ರ ತಂದ ದುರ್ಗಸಿಂಹ, ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಯುದ್ಧ ಮತ್ತು ಸಂಧಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಸಂಧಿವಿಗ್ರಹಿ. ನರಿಗಳ ಒಳಸಂಚು ಅವನಿಗೆ ಹೊಸದೇನೂ ಆಗಿರಲಾರದು! ಇಂಥ ಕತೆಗಳನ್ನು ದೊಡ್ಡವರಿಗಾಗಿಯೇ ಮತ್ತೆ ಕಟ್ಟಿದ ಕೆಲವು ಪುಸ್ತಕಗಳಿವೆ. ಹಳೆಯ ಕತೆ ಎಲ್ಲಿ ತೀರ್ಪು ಕೊಟ್ಟು ಕೈತೊಳೆದುಕೊಳ್ಳುತ್ತದೋ ಅಲ್ಲಿಂದಲೇ ತಕರಾರು ತೆಗೆಯುವ ಪುಸ್ತಕಗಳು ನನಗೆ ಅಚ್ಚುಮೆಚ್ಚು.

ಗಿರೀಶ ಕಾರ್ನಾಡರ ‘ಹಯವದನ’ (1971) ಅಂಥದ್ದು. ಸೋಮದೇವನ ಕಥಾಸರಿತ್ಸಾಗರದ ಬೇತಾಳ ಕತೆಯೊಂದರಲ್ಲಿ ಗಂಡನೂ ಹೆಂಡತಿಯ ಒಡಹುಟ್ಟಿದವನೂ ದೇವಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ. ದೇವಿ ವರ ಕೊಟ್ಟಾಗ ಹೆಂಡತಿ ಗಡಿಬಿಡಿಯಲ್ಲಿ ತಲೆಗಳನ್ನು ಅದಲುಬದಲು ಜೋಡಿಸುತ್ತಾಳೆ. ಈಗ ಗಂಡ ಯಾರು? ದೇಹಕ್ಕೆ ತಲೆಯೇ ಮುಖ್ಯ, ಗಂಡನ ತಲೆ ಇರುವವನೇ ಗಂಡ ಎನ್ನುತ್ತಾನೆ ಬೇತಾಳನಿಂದ ಕತೆ ಕೇಳುತ್ತಿದ್ದ ರಾಜ. ಅಲ್ಲಿಗೆ ಕತೆ ಮುಗಿಯಿತು. ಜರ್ಮನ್ ಲೇಖಕ ಥಾಮಸ್ ಮನ್ 1940ರ ಕಿರುಕಾದಂಬರಿಯಲ್ಲಿ ಇದನ್ನು ಮುಗಿಯಗೊಡಲಿಲ್ಲ. ಅಲ್ಲಿ ಎರಡನೆಯವನು ಗಂಡನ ಗೆಳೆಯ. ಕಾರ್ನಾಡರು ಆ ಎಳೆ ಹಿಡಿದರು. ಕಮ್ಮಾರನ ಮಗ ಕಪಿಲನ ಕಟ್ಟುಮಸ್ತಾದ ಮೈ ಕವಿ ದೇವದತ್ತನ ತಲೆಗೆ ಸೇರಿದಾಗ ಪದ್ಮಿನಿಗೆ ಹಬ್ಬ. ಆದರೆ ದಿನ ಕಳೆದಂತೆ ಆ ಮೈ ಮೆತ್ತಗಾಗುತ್ತದೆ, ತಲೆ ಅದನ್ನು ತನ್ನ ದಾರಿಗೆ ಎಳೆದುಕೊಳ್ಳುತ್ತದೆ. ರಾಜನ ತೀರ್ಪೇನೋ ಗೆದ್ದಿತು, ಪದ್ಮಿನಿಯ ಆಸೆಯ ಗತಿ? ವರ ಕೊಡುವ ಕಾಳಿಗೋ ನಿದ್ದೆಯ ಮಂಪರು, ಆಕಳಿಸುತ್ತಲೇ ಮಾತಾಡುತ್ತಾಳೆ. ಕುದುರೆತಲೆಯ ಹಯವದನನ ಪ್ರಸಂಗ ಅಂಟಿಸಿದ ಹಾಗಿದೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೂರ್ಣ ಮನುಷ್ಯನಾಗಲು ಹೊರಟವನು ಪೂರ್ಣ ಕುದುರೆಯಾಗಿ, ಉಳಿದುಹೋದ ಮನುಷ್ಯಧ್ವನಿಯಲ್ಲಿ ರಾಷ್ಟ್ರಗೀತೆ ಹಾಡುವುದನ್ನು ಓದಿ ನಗದಿರುವುದು ಕಷ್ಟ.

ಪ್ರಾಣಿಗಳ ಕತೆಯೇ ಬೇಕೆಂದರೆ ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ (1945) ಇದ್ದೇ ಇದೆ, ಹೆಚ್ಚು ಹೇಳಬೇಕಿಲ್ಲ. ಅದಕ್ಕಿಂತ ನನಗೆ ಹತ್ತಿರದ್ದು ತಮಿಳಿನ ಪೆರುಮಾಳ್ ಮುರುಗನ್ ಅವರ ‘ಪೂನಾಚ್ಚಿ’. ಹಿಂದಿನ ಕಾದಂಬರಿಯೊಂದರ ವಿರುದ್ಧ ಗಲಾಟೆ ಎದ್ದಾಗ, 2015ರಲ್ಲಿ, ತಮ್ಮೊಳಗಿನ ಲೇಖಕ ಸತ್ತನೆಂದು ಸಾರಿದ್ದವರು ಅವರು. ಮದ್ರಾಸ್ ಹೈಕೋರ್ಟಿನ ತೀರ್ಪಿನ ನಂತರ ಮತ್ತೆ ಬರೆದದ್ದು ಒಂದು ಕರಿಮೇಕೆಯ ಕತೆ. ಮನುಷ್ಯರ ಬಗ್ಗೆ ಬರೆಯಲು ಭಯ, ಹಸು-ಹಂದಿಗಳ ಬಗ್ಗೆ ಬರೆಯುವಂತಿಲ್ಲ ಎಂದು ಮುನ್ನುಡಿಯಲ್ಲೇ ಚುಚ್ಚುತ್ತಾರೆ. ಅಲ್ಲಿ ಸರ್ಕಾರ ಪ್ರತಿ ಮೇಕೆಯ ಕಿವಿ ಚುಚ್ಚಿ ಲೆಕ್ಕಕ್ಕೆ ಹಿಡಿಯುತ್ತದೆ; ಮೇಕೆಯನ್ನು ಸಾಕುವ ಮುದುಕಿ ತನ್ನ ಮರಿಯನ್ನು ಎತ್ತಿಕೊಂಡು ಸಾಲಿನಲ್ಲಿ ಕಾಯಬೇಕು. ಕಾದಂಬರಿ ಸಪ್ಪಗಿನ ದನಿಯಲ್ಲೇ ಸಾಗುತ್ತದೆ, ಎಲ್ಲೂ ಕೂಗಾಡುವುದಿಲ್ಲ.

ಎಲ್ಲಿಂದ ಶುರುಮಾಡಲಿ ಎನ್ನುವವರು ಮೊದಲು ಬೇತಾಳನ ಕತೆ ಓದಿ, ಅದೇ ವಾರ ‘ಹಯವದನ’ ಹಿಡಿಯಿರಿ. ಆಡುವ ತಂಡ ಸಿಕ್ಕರೆ ರಂಗದ ಮೇಲೂ ನೋಡಿಬನ್ನಿ.